ಒಲೆ ಬುಡಕ್ಕೆ ಬಂದ ಬಂಗುಡೆ

ಬಂಗುಡೆ ಸಂತತಿ ಉಳಿಸಲು ಮೀನುಗಾರಿಕೆ ನಿಲ್ಲಿಸಿದ ಸರಕಾರ, ಪರಿಹಾರ ಪಡೆಯುವ ಮೀನುಗಾರರಿಗೆಲ್ಲ ಕಾಲಿಗೆ ಬಳೆ ತೊಡಿಸಿತ್ತು. ಸಮುದ್ರದ ನೀರು ತಾಗಿದರೆ ಬಳೆ ಕೂಗುತ್ತದೆ, ಪರಿಹಾರ ನಿಲ್ಲುತ್ತದೆ. ಕಳೆದ ವಾರ ಶೀನ ಮೊಗವೀರನ ಬಳೆ ಕೂಗಿತ್ತು. ವಿಚಾರಣೆಗೆ ಬಂದ ಇನ್‌ಸ್ಪೆಕ್ಟರ್ ಅವನ ಅಡುಗೆಮನೆಯ ಬೆಂಚಿನ ಮೇಲೆ ಕುಳಿತಿದ್ದರು.

“ನಾನ್ ಕಡ್ಲಿಗ್ ಹೋಯ್ಲಿಲ್ಲ ಮಾರಾಯ್ರೆ. ಕಡ್ಲೇ ಒಳ್ಗ್ ಬಂತ್,” ಎಂದ ಶೀನ.

“ನೀನು ಮಂಚ ಹತ್ತಬೇಕಿತ್ತು. ಕಾಲು ನೆನೆಯಬಾರದು, ನಿಯಮ ಅಷ್ಟೇ.”

“ಹಂಗಾರೆ ಕಡ್ಲಿಗೂ ಒಂದ್ ಬಳೆ ಹಾಕಿ,” ಎಂದಳು ಒಲೆಯ ಮುಂದಿದ್ದ ಬಾಗಿ, ಅವನ ಹೆಂಡತಿ.

ಅಷ್ಟರಲ್ಲಿ ಕಡಲಿನ ಉಬ್ಬರದ ಅಲೆ ಹಿತ್ತಿಲು ದಾಟಿ ಒಳನುಗ್ಗಿತು. ಶೀನನ ಬಳೆ ಕಿರುಚಿತು. ಇನ್‌ಸ್ಪೆಕ್ಟರ್ ಬೂಟುಗಾಲನ್ನು ಬೆಂಚಿನ ಮೇಲೆತ್ತಿಕೊಂಡು, “ಮತ್ತೆ ಉಲ್ಲಂಘನೆ” ಎಂದು ಬರೆದುಕೊಂಡರು. ನೀರು ಇಳಿದಾಗ ಒಲೆಯ ಬುಡದಲ್ಲಿ ಬಂಗುಡೆಯೊಂದು ಪಟಪಟನೆ ಬಡಿದುಕೊಳ್ಳುತ್ತಿತ್ತು.

“ಮುಟ್ಟಬೇಡಿ! ಅದು ಸಂರಕ್ಷಿತ ಮೀನು.”

ಮೀನುಗಾರರ ಪಟ್ಟಿಯಲ್ಲಿ ಮೀನು ಮಾರುವ ಹೆಂಗಸರ ಹೆಸರಿರಲಿಲ್ಲ, ಅವರಿಗೆ ಪರಿಹಾರವೂ ಇರಲಿಲ್ಲ. ಹಾಗಾಗಿ ಬಾಗಿಯ ಕಾಲಲ್ಲಿ ಬಳೆಯೂ ಇರಲಿಲ್ಲ. ಅವಳು ಮೀನನ್ನು ಬಾಲ ಹಿಡಿದೆತ್ತಿ, ಕೊಯ್ಯಲು ಕತ್ತಿಮಣೆ ಎಳೆದುಕೊಂಡು ಕುಳಿತಳು.

“ಬರ್ಕಣಿ. ಬಾಗಿ, ಮೀನ್‌ಗಾರ್ತಿ. ಇಲ್ಲಿವರೆಗೆ ನನ್ ಹೆಸ್ರ್ ನೀವ್ ಯಾರೂ ಬರಿಲಿಲ್ಲ.”