ಎಂಟನೇ ಟೇಕ್

"ರೆಫರಿಗೆ ಕಾಣಲಿಲ್ಲ, ಕ್ಯಾಮೆರಾಕ್ಕೂ ಕಾಣಲಿಲ್ಲ. ಕೈ ಎತ್ತೋ ಉಸಾಬರಿ ನಿನಗ್ಯಾಕೆ ಬೇಕಿತ್ತು?"

ಕಬಡ್ಡಿ ಫೈನಲ್ ಒಂದೇ ಪಾಯಿಂಟಿನಲ್ಲಿ ಕೈತಪ್ಪಿತ್ತು. ಕೋಚ್ ನೀರಿನ ಬಾಟಲಿಯನ್ನು ನೆಲಕ್ಕೆ ಅಪ್ಪಳಿಸಿದರು.

"ರೇಡರ್ ಬೆರಳು ನನಗೆ ತಾಗಿತ್ತು ಸಾರ್," ಎಂದಳು ಕ್ಯಾಪ್ಟನ್. "ಪ್ರತಿ ಕ್ಯಾಂಪಲ್ಲೂ ಆ ಹಳೇ ಸ್ಕೂಲ್ ಸೀರಿಯಲ್ ತೋರಿಸೋರು ನೀವೇ ಅಲ್ವಾ? ಅದರಲ್ಲಿ ಕಬಡ್ಡಿ ಆಡೋ ಹುಡುಗ ತಾನಾಗೇ ಕೈ ಎತ್ತಿ ಔಟಾಗ್ತಾನೆ. ಸೋತರೂ ಎಲ್ಲರೂ ಚಪ್ಪಾಳೆ ಹೊಡೀತಾರೆ."

"ತಾನಾಗೇನಾ? ಮಣ್ಣಂಗಟ್ಟಿ! ಏಳು ಟೇಕ್ ಹಾಳು ಮಾಡಿದ್ದ ಅವನು. ಎಂಟನೇದಕ್ಕೆ ಡೈರೆಕ್ಟರ್ ಕೆನ್ನೆಗೆ ಬಾರಿಸಿದ್ರು, ಆಗ ಎದ್ದಿದ್ದು ಕೈ."

"ಸುಳ್ಳು! ನೀವೇನು ಅಲ್ಲಿದ್ರಾ?"

ಕೋಚ್ ಅವರ ಕೈ ತಾನಾಗಿಯೇ ಮೇಲೆದ್ದು ತಮ್ಮ ಎಡಗೆನ್ನೆಯನ್ನು ಸವರಿತು.