ದಿಂಬಿನ ದಿಕ್ಕು

"ಸತ್ತರೂ ನಾ ಇಲ್ಲಿ ಮಲಗೂದಿಲ್ಲ," ಎನ್ನುತ್ತ ಗಣಪಿ ಮಂಚದ ಮೇಲಿಟ್ಟಿದ್ದ ಗಂಟನ್ನು ಮತ್ತೆ ಬಗಲಿಗೆ ಸಿಕ್ಕಿಸಿಕೊಂಡಳು. ಜ್ವರಕ್ಕೆ ಅವಳ ಮೈ ಗಡಗಡ ನಡುಗುತ್ತಿತ್ತು. ಹೊನ್ನಾವರದ ಆ ನಿರಾಶ್ರಿತ ಹೆಂಗಸರ ತಂಗುದಾಣದಲ್ಲಿ ಉಳಿದಿದ್ದದ್ದು ಅದೊಂದೇ ಮಂಚ. ಹೊರಗೆ ಹೋದರೆ ಮೀನು ಮಾರ್ಕೆಟ್ಟಿನ ಸಿಮೆಂಟು ಕಟ್ಟೆ, ಮೇಲಿಂದ ಇಬ್ಬನಿ.

"ಎಂತ ಆತು ಅಮ್ಮಾ? ಕಂಬಳಿ ಕೊಟ್ಟೆ, ಗಂಜಿ ಕೊಟ್ಟೆ," ಮೇಲ್ವಿಚಾರಕಿ ಕಲ್ಪನಾ ಬಾಗಿಲಿಗೆ ಅಡ್ಡ ನಿಂತಳು.

"ದಿಂಬು ಉತ್ತರಕ್ಕೆ ಇಟ್ಟಿದ್ಯಲ್ಲ! ಅದು ಹೆಣ ಮಲಗಿಸೂ ದಿಕ್ಕು. ಮನೆ ಇಲ್ಲದೋರೆಲ್ಲ ಸತ್ತೋರು ಅಂತ ಮಾಡ್ಕಂಡ್ಯಾ?"

ಕಲ್ಪನಾಗೆ ರೇಗಿತು. ಬೆಳಿಗ್ಗೆ ಮೇಲಿನ ಸಾಹೇಬರು ತಂಗುದಾಣ ನೋಡಲು ಬರುವವರಿದ್ದರು. ದಿಂಬುಗಳೆಲ್ಲ ಗೋಡೆ ಬದಿಗೆ ಒಂದೇ ಸಾಲಿನಲ್ಲಿರಬೇಕೆಂದು ಅವರೇ ಹೇಳಿದ್ದರು. "ಇಷ್ಟು ಜನ ಮಲಗಿದ್ದಾರಲ್ಲ, ಯಾರಾದ್ರೂ ಸತ್ತರಾ? ಈ ಕಾಲದಲ್ಲೂ ಎಂತ ದಿಕ್ಕು! ಮಲಗೂದಿದ್ರೆ ಮಲಗಿ, ಇಲ್ಲಾಂದ್ರೆ ಹೋಗಿ," ಎಂದು ಬಾಗಿಲು ಬಿಟ್ಟು ಸರಿದಳು. ಕಂಬಳಿ ಹೊದ್ದವರು ಮುಸುಕಿನೊಳಗಿಂದಲೇ ನೋಡುತ್ತಿದ್ದರು.

ಗಣಪಿ ಹೊಸ್ತಿಲವರೆಗೆ ಹೋಗಿ ನಿಂತಳು. ಬಾಗಿಲ ಪಕ್ಕ ಹಾಸಿದ್ದ ಚಾಪೆಯನ್ನೇ ನೋಡಿದಳು. "ಇದು ಯಾರದ್ದು ತಂಗಿ?"

ಅದು ಕಲ್ಪನಾಳದೇ. ಹಾಸುವಾಗ ಅವಳು ಯೋಚಿಸಿಯೇ ಇರಲಿಲ್ಲ. ಮನೆಯಲ್ಲಿ ದಿನಾ ಹಾಸುವ ಹಾಗೆ ಹಾಸಿದ್ದಳು. ದಿಂಬು ದಕ್ಷಿಣಕ್ಕಿತ್ತು.

ಕಲ್ಪನಾ ಗಣಪಿಯ ಮಂಚದ ಹತ್ತಿರ ಹೋಗಿ ದಿಂಬನ್ನೆತ್ತಿ ಇನ್ನೊಂದು ತುದಿಗಿಟ್ಟಳು. ಅವಳು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಪಕ್ಕದ ಮಂಚ ಕಿರುಗುಟ್ಟಿತು, ಆಮೇಲೆ ಅದರಾಚೆಯದು. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಕೂತು ತಮ್ಮ ತಮ್ಮ ದಿಂಬು ತಿರುಗಿಸಿಕೊಳ್ಳುತ್ತಿದ್ದರು.