ಕೈಗಡದ ಅಕ್ಕಿ

ಬೀದಿಯ ಮಗ್ಗಗಳೆಲ್ಲ ನಿಂತ ಮೇಲೆ ಪಂಕಜಮ್ಮನಿಗೊಂದು ಹೊಸ ಚಟ ಅಂಟಿಕೊಂಡಿತು. ಬೆಳಗಾದರೆ ಲೋಟ ಹಿಡಿದು ಯಾರದಾದರೂ ಬಾಗಿಲಲ್ಲಿ ನಿಂತು, "ಒಂದು ಲೋಟ ಅಕ್ಕಿ ಕೊಡಮ್ಮ, ನಾಳೆ ಕೊಟ್ಬಿಡ್ತೀನಿ" ಎನ್ನುವಳು. ತವರಿನಿಂದ ಮೂಟೆ ಅಕ್ಕಿ ಬಂದಿದ್ದರೂ ನಾಚಿಕೆಯಿಲ್ಲವಲ್ಲ ಎಂದು ಬೀದಿಯವರು ಆಡಿಕೊಂಡರು. ಪಂಕಜಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ. ಏನು ಕಷ್ಟ ಎಂದು ಕೇಳಿದರೆ ಇಲ್ಲಿ ಯಾರೂ ಬಾಯಿ ಬಿಡುವವರಲ್ಲ. ಅದೇ ಸಾಲ ಕೇಳಿ ನೋಡಿ, ಯಾರ ಡಬ್ಬ ಬರಿದಾಗಿದೆ ಎಂಬುದು ಮುಖದ ಮೇಲೇ ಕಾಣುತ್ತದೆ.

ಎದುರುಮನೆಯ ಗಂಗರತ್ನ ತಡವರಿಸಿದಳು. "ಅಯ್ಯೋ, ಈಗಷ್ಟೇ ಮುಗೀತು."

ಮರುದಿನ ಪಂಕಜಮ್ಮ ಸೆರಗಿನ ಮರೆಯಲ್ಲಿ ಚೀಲ ತಂದಳು. "ತಗೋ, ಯುಗಾದಿಗೆ ನಿನ್ನಿಂದ ಕೈಗಡ ತಗೊಂಡಿದ್ದ ಅಕ್ಕಿ."

"ನೀವ್ಯಾವಾಗ ತಗೊಂಡ್ರಿ?"

"ನಿಂಗೆ ಮರೆವು ಬಿಡು" ಎಂದು ಗದರಿ, ಚೀಲ ಒಳಗಿಟ್ಟೇ ಬಂದಳು.

ಹೀಗೆ ಮನೆಮನೆಗೂ ಮಾಡದ ಸಾಲ ತೀರಿಸುತ್ತ ಹೋದಳು. ಕೊನೆಗೆ ತನ್ನ ಮೂಟೆಯೇ ಬರಿದಾದಾಗ ಮಾತ್ರ ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಂಡಳು.

ಅಷ್ಟರಲ್ಲಿ ಗಂಗರತ್ನಳ ಗಂಡನಿಗೆ ಪಕ್ಕದೂರಿನಲ್ಲಿ ಕೆಲಸ ಸಿಕ್ಕಿತ್ತು. ಒಂದು ಸಂಜೆ ಗಂಗರತ್ನಳೇ ಲೋಟ ಹಿಡಿದು ಪಂಕಜಮ್ಮನ ಬಾಗಿಲಿಗೆ ಬಂದಳು. "ಒಂದು ಲೋಟ ಅಕ್ಕಿ ಕೊಡ್ತೀರಾ?"

ಪಂಕಜಮ್ಮ ಎಂದೂ ಇಲ್ಲದೆ ತಡವರಿಸಿದಳು. "ಅಯ್ಯೋ, ಈಗಷ್ಟೇ ಮುಗೀತು ಕಣೇ."

ಗಂಗರತ್ನ ತುಟಿ ಕಚ್ಚಿ ನಗು ತಡೆದುಕೊಂಡು ಹೊರಟುಹೋದಳು. ಬೆಳಗಾಗುತ್ತಲೇ ಸೆರಗಿನ ಮರೆಯಲ್ಲಿ ಚೀಲದೊಂದಿಗೆ ಹಾಜರಾದಳು. "ತಗೊಳ್ಳಿ, ಯುಗಾದಿಗೆ ನಿಮ್ಮಿಂದ ಕೈಗಡ ತಗೊಂಡಿದ್ದ ಅಕ್ಕಿ."

"ಸುಳ್ಳಿ! ನೀನ್ಯಾವಾಗ ತಗೊಂಡೆ?"

"ಅಯ್ಯೋ, ನಿಮಗೂ ಮರೆವು ಶುರುವಾಯ್ತಾ?"